ಅಳಿಸುವ ಮೊದಲು ಅಳೆಯಿರಿ

ಹೋದ ತಿಂಗಳು ನನ್ನ ಹಳೇ ಲ್ಯಾಪ್‌ಟಾಪು ಡಿಸ್ಕಿನಲ್ಲಿ ಜಾಗವಿಲ್ಲ ಅಂತ ಹಟ ಹಿಡಿದು ಕೂತಿತು. ಉಬುಂಟು ಹಾಕಿದ ಯಂತ್ರ, 120 ಜಿಬಿ ಡಿಸ್ಕು. ರಿಪೇರಿ ಅಂಗಡಿಯ ಹುಡುಗ ಸರಿಯಾಗಿ ನೋಡಲೂ ಇಲ್ಲ, ಫಾರ್ಮ್ಯಾಟ್ ಮಾಡಿಬಿಡೋಣ ಅಂಕಲ್ ಅಂದ. ಅದರಲ್ಲಿ ನಮ್ಮಮ್ಮ ಹಾಡಿದ ಹಸೆಹಾಡುಗಳ ರೆಕಾರ್ಡಿಂಗ್ ಇತ್ತು. ಬೇರೆಲ್ಲೂ ಪ್ರತಿ ಇಲ್ಲ. ಅಮ್ಮ ಈಗಿಲ್ಲ. ಸುಮ್ಮನೆ ಎತ್ತಿಕೊಂಡು ಮನೆಗೆ ಬಂದೆ.

ಅಟ್ಟ ತುಂಬಿದರೆ ಯಾರಾದರೂ ಮನೆ ಕೆಡವುತ್ತಾರೆಯೇ? ಏಣಿ ಹಾಕಿ ಹತ್ತಿ, ಏನೇನಿದೆ ಅಂತ ನೋಡುತ್ತೇವೆ. ಲಿನಕ್ಸಿನಲ್ಲಿ ಆ ಏಣಿಯೇ ಟರ್ಮಿನಲ್. (ಕಮಾಂಡುಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಟೈಪಿಸುವಾಗ ಇಂಗ್ಲಿಷ್ ಅಕ್ಷರ ಬಳಸಿ.)

ಮೊದಲು 'ಡಿಎಫ್ -ಎಚ್'. ಯಾವ ಪಾರ್ಟಿಶನ್ ತುಂಬಿದೆ ಅಂತ ಇದು ಹೇಳುತ್ತದೆ. ಆಮೇಲೆ 'ಡಿಯು -ಎಸ್‌ಎಚ್' ಮುಂದೆ ಫೋಲ್ಡರಿನ ಹೆಸರು. ಯಾವ ಫೋಲ್ಡರು ಎಷ್ಟು ತಿಂದಿದೆ ಅಂತ ಗೊತ್ತಾಗುತ್ತದೆ. ಈ ಎರಡೂ ಬರೀ ನೋಡುವ ಕಮಾಂಡುಗಳು, ಏನನ್ನೂ ಅಳಿಸುವುದಿಲ್ಲ. ಹೆದರಬೇಕಿಲ್ಲ.

ನನ್ನ ಲೆಕ್ಕ ಹೀಗೆ ಬಂತು: ಕಸದಬುಟ್ಟಿಯಲ್ಲಿ 11 ಜಿಬಿ, ಹೋಮ್ ಫೋಲ್ಡರಿನ ಕ್ಯಾಶ್ 5, ಇನ್‌ಸ್ಟಾಲ್ ಆದ ಮೇಲೂ ಉಳಿದಿದ್ದ ಪ್ಯಾಕೇಜು ಫೈಲುಗಳು 4, ಸಿಸ್ಟಂ ಲಾಗು 3. ಒಟ್ಟು 23 ಜಿಬಿ ಕಸ! ಅಮ್ಮನ ಹಾಡುಗಳು ಒಂದು ಜಿಬಿಯೂ ಇರಲಿಲ್ಲ.

ಕಸದಬುಟ್ಟಿಯನ್ನು ಒಮ್ಮೆ ತೆರೆದು ನೋಡಿ ಖಾಲಿ ಮಾಡಿದೆ. ಬ್ರೌಸರಿನ ಕ್ಯಾಶನ್ನು ಬ್ರೌಸರಿನಿಂದಲೇ ತೆಗೆದೆ. ಪ್ಯಾಕೇಜುಗಳಿಗೆ 'ಸುಡೊ ಆಪ್ಟ್ ಕ್ಲೀನ್'. ಲಾಗಿಗೆ 'ಸುಡೊ ಜರ್ನಲ್‌ಸಿಟಿಎಲ್ --ವ್ಯಾಕ್ಯೂಮ್-ಸೈಜ್=200ಎಂ'. ಹಳೇ ಕರ್ನೆಲ್ಲುಗಳಿಗೆ 'ಸುಡೊ ಆಪ್ಟ್ ಆಟೋರಿಮೂವ್', ಅದು ತೋರಿಸುವ ಪಟ್ಟಿ ಓದಿದ ಮೇಲೇ 'ವೈ' ಒತ್ತುವುದು.

ಡಿಸ್ಕು ಅಗ್ಗ, ದೊಡ್ಡದು ಕೊಂಡರಾಯಿತು ಅನ್ನುವವರಿದ್ದಾರೆ. ಕೊಳ್ಳಿ, ಬೇಡ ಅನ್ನಲಾರೆ. ಆದರೆ ಕಸ ಎಲ್ಲಿಂದ ಬರುತ್ತಿದೆ ಅಂತ ನೋಡದೆ ಇದ್ದರೆ ದೊಡ್ಡದೂ ತುಂಬುತ್ತದೆ. ಮೌಸಿನಲ್ಲೇ ಇದೆಲ್ಲ ಆಗುತ್ತಲ್ಲ ಅಂತಲೂ ಕೇಳಬಹುದು. ಆಗುತ್ತದೆ, ಆದರೆ ಡಿಸ್ಕು ಪೂರ್ತಿ ತುಂಬಿದರೆ ಕೆಲವೊಮ್ಮೆ ಡೆಸ್ಕ್‌ಟಾಪಿಗೆ ಲಾಗಿನ್ನೇ ಆಗುವುದಿಲ್ಲ. ಆಗಲೂ ಕಪ್ಪು ಪರದೆ ಕೈಬಿಡುವುದಿಲ್ಲ. ಇಂಥ ಹೊತ್ತಿಗೆಂದೇ ಇಎಕ್ಸ್‌ಟಿ4 ಫೈಲ್ ಸಿಸ್ಟಂ ಸಾಮಾನ್ಯವಾಗಿ 5% ಜಾಗವನ್ನು ರೂಟ್ ಬಳಕೆದಾರನಿಗೆ ಎತ್ತಿಟ್ಟಿರುತ್ತದೆ.

ನನ್ನ ಭಯ ಇರುವುದು 'ಆರ್‌ಎಂ -ಆರ್‌ಎಫ್' ಬಗ್ಗೆ. ಯಾರೋ ಬರೆದದ್ದನ್ನು ಕಾಪಿ ಮಾಡಿ ಅಂಟಿಸುವವರು ಬಹಳ. ಅದು ಕಸದಬುಟ್ಟಿಗೆ ಹಾಕುವುದಿಲ್ಲ, ಕೇಳುವುದೂ ಇಲ್ಲ. ಒಂದು ಸ್ಪೇಸ್ ತಪ್ಪಿ ಬಿದ್ದರೂ ಬೇರೆ ಫೋಲ್ಡರೇ ಹೋದೀತು. ಸಿಸ್ಟಂ ಫೋಲ್ಡರುಗಳಲ್ಲಂತೂ ಅದನ್ನು ಬಳಸಲೇಬೇಡಿ. ಆಪ್ಟ್ ತಂದದ್ದನ್ನು ಆಪ್ಟೇ ತೆಗೆಯಲಿ.

ಇಷ್ಟೆಲ್ಲ ಹೇಳಿದ ನಾನೇ ಇಷ್ಟು ವರ್ಷ ಆ ಹಾಡುಗಳಿಗೆ ಎರಡನೇ ಪ್ರತಿ ಮಾಡಿರಲಿಲ್ಲ. ಜಾಗ ಖಾಲಿಯಾದ ರಾತ್ರಿ ಮಾಡಿದ ಮೊದಲ ಕೆಲಸ ಅದೇ. ಒಂದು ಪೆನ್‌ಡ್ರೈವಿಗೆ, ಇನ್ನೊಂದು ಊರಿನ ತಂಗಿಗೆ.

ನಿಮ್ಮ ಡಿಸ್ಕಿನಲ್ಲೂ ಯಾರದೋ ದನಿ ಇದ್ದೀತು.. ಇವತ್ತೇ ಒಮ್ಮೆ ಅಳೆದು ನೋಡಿ.