ಹಿರಿಯರ ಮಾತ್ರೆ ಡಬ್ಬಿ ತುಂಬುತ್ತಿದೆ. ಒಟ್ಟು ಲೆಕ್ಕ ನೋಡುವವರು ಯಾರು?

ಪುಣೆ: ನಿವೃತ್ತರ ನೆಚ್ಚಿನ ಊರು ಎಂದು ಮೊದಲಿನಿಂದಲೂ ಹೆಸರಾದ ಪುಣೆಯಲ್ಲಿ ತಜ್ಞ ವೈದ್ಯರಿಗೆ ಬರವಿಲ್ಲ. ಬಿಪಿಗೆ ಒಬ್ಬರು, ಶುಗರ್‌ಗೆ ಇನ್ನೊಬ್ಬರು, ಮಂಡಿನೋವಿಗೆ ಮತ್ತೊಬ್ಬರು. ಆದರೆ ಇವರೆಲ್ಲ ಬರೆದುಕೊಟ್ಟ ಮಾತ್ರೆಗಳನ್ನು ಒಂದೆಡೆ ಇಟ್ಟು ನೋಡುವವರೇ ಇಲ್ಲ.

ಐಟಿ ಕೆಲಸಕ್ಕೆಂದು ಇಲ್ಲಿ ನೆಲೆಸಿದ ಮಕ್ಕಳ ಮನೆಗೆ ವಿಜಯಪುರ, ಬೆಳಗಾವಿ, ಧಾರವಾಡದಿಂದ ಬರುವ ಕನ್ನಡಿಗ ತಂದೆ-ತಾಯಂದಿರಿಗೆ ಈ ತೊಡಕು ಇನ್ನೂ ಹೆಚ್ಚು. ಊರಿನ ವೈದ್ಯರ ಚೀಟಿ ಒಂದು, ಪುಣೆಯ ಚೀಟಿ ಇನ್ನೊಂದು. ಡೋಲೊ, ಕ್ರೋಸಿನ್, ಕಾಲ್ಪಾಲ್ ಮೂರರಲ್ಲೂ ಇರುವುದು ಪ್ಯಾರಾಸಿಟಮಾಲ್. ಬಿಪಿ ಮಾತ್ರೆಗಳಿಗೂ ಹೀಗೆಯೇ ಹತ್ತಾರು ಬ್ರ್ಯಾಂಡ್ ಹೆಸರುಗಳಿವೆ. ಹೆಸರು ಬೇರೆಯಾದ ಮಾತ್ರಕ್ಕೆ ಒಂದೇ ಔಷಧ ಎರಡು ಬಾರಿ ಹೊಟ್ಟೆ ಸೇರುವ ಅಪಾಯವಿದೆ.

ಅಡ್ಡಪರಿಣಾಮಕ್ಕೆ ಇನ್ನೊಂದು ಮಾತ್ರೆ

ಐದು ಅಥವಾ ಹೆಚ್ಚು ಔಷಧಗಳನ್ನು ಒಟ್ಟಿಗೆ ಸೇವಿಸುವುದನ್ನು ವೈದ್ಯಕೀಯದಲ್ಲಿ ‘ಪಾಲಿಫಾರ್ಮಸಿ’ ಎನ್ನುತ್ತಾರೆ. ಇದು ತಾನಾಗಿಯೇ ತಪ್ಪಲ್ಲ. ಹೃದಯಾಘಾತವಾದವರಿಗೆ ಅಷ್ಟು ಮಾತ್ರೆ ಬೇಕಾಗಬಹುದು. ತೊಂದರೆ ಶುರುವಾಗುವುದು ಔಷಧದ ಅಡ್ಡಪರಿಣಾಮವನ್ನೇ ಹೊಸ ಕಾಯಿಲೆ ಎಂದುಕೊಂಡಾಗ.

ಬಿಪಿಗೆ ಕೊಡುವ ಅಮ್ಲೋಡಿಪಿನ್‌ನಿಂದ ಕೆಲವರಿಗೆ ಪಾದ ಊದುತ್ತದೆ. ಊತಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ಸೇರುತ್ತದೆ. ಅದರಿಂದ ಸೋಡಿಯಂ ಇಳಿಯಬಹುದು, ತಲೆ ಸುತ್ತಬಹುದು. ರಾತ್ರಿ ಶೌಚಾಲಯಕ್ಕೆ ಎದ್ದ ಹಿರಿಯರು ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ, ಅದಕ್ಕೆ ‘ವಯಸ್ಸಾಯಿತು’ ಎಂಬ ಕಾರಣ ಸಿಗುತ್ತದೆ. ಮಾತ್ರೆಯತ್ತ ಯಾರ ಗಮನವೂ ಹೋಗುವುದಿಲ್ಲ.

‘ಬರೀ ವಿಟಮಿನ್’ ಅಲ್ಲ

ವೈದ್ಯರು ಕೇಳಿದಾಗ ಹೆಚ್ಚಿನವರು ವಿಟಮಿನ್, ಕ್ಯಾಲ್ಸಿಯಂ, ಕಷಾಯದ ಪುಡಿಗಳ ಸುದ್ದಿ ಎತ್ತುವುದಿಲ್ಲ. ಅವು ಔಷಧವೇ ಅಲ್ಲ ಎಂಬ ನಂಬಿಕೆ. ಆದರೆ ಥೈರಾಯ್ಡ್ ಮಾತ್ರೆಯ ಜೊತೆಗೇ ಕ್ಯಾಲ್ಸಿಯಂ ಅಥವಾ ಕಬ್ಬಿಣಾಂಶದ ಮಾತ್ರೆ ನುಂಗಿದರೆ ಥೈರಾಯ್ಡ್ ಔಷಧ ಸರಿಯಾಗಿ ಮೈಗೆ ಹತ್ತುವುದಿಲ್ಲ. ನಾಲ್ಕು ಗಂಟೆ ಅಂತರ ಬೇಕು. ವಾರಕ್ಕೊಂದು ಎಂದು ಕೊಟ್ಟ 60,000 ಯೂನಿಟ್‌ನ ವಿಟಮಿನ್ ಡಿ ಸ್ಯಾಶೆಯನ್ನು ದಿನವೂ ತೆಗೆದುಕೊಂಡರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು. ಗಂಟಲಿಗೆ ಒಳ್ಳೆಯದೆಂದು ಸೇವಿಸುವ ಜ್ಯೇಷ್ಠಮಧು ಅತಿಯಾದರೆ ಬಿಪಿ ಏರಿಸುತ್ತದೆ.

ಆಸ್ಪಿರಿನ್ ಸೇವಿಸುವವರು ಮಂಡಿನೋವಿಗೆಂದು ಅಂಗಡಿಯಿಂದ ತರುವ ಡೈಕ್ಲೋಫೆನಾಕ್ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತದೆ.

ನಿಯಮ ಇದೆ, ಪಾಲನೆ?

ಒಟ್ಟು ಲೆಕ್ಕ ನೋಡುವ ಹೊಣೆಯನ್ನು ಕಾನೂನು ಈಗಾಗಲೇ ಒಬ್ಬರಿಗೆ ವಹಿಸಿದೆ. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಾವಳಿಯ ಪ್ರಕಾರ ನೋಂದಾಯಿತ ಫಾರ್ಮಸಿಸ್ಟ್ ಚೀಟಿಯನ್ನು ಪರಿಶೀಲಿಸಬೇಕು. ಒಂದೇ ಔಷಧ ಎರಡು ಬಾರಿ ಬಂದಿದೆಯೇ, ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡಿ ರೋಗಿಗೆ ತಿಳಿಸಬೇಕು. ಆದರೆ ಇದಕ್ಕೆ ಪ್ರತ್ಯೇಕ ಶುಲ್ಕವಿಲ್ಲ, ಜನದಟ್ಟಣೆಯ ಅಂಗಡಿಯಲ್ಲಿ ಸಮಯವಿಲ್ಲ. ಬೇರೆ ಅಂಗಡಿಯಲ್ಲೋ ಆನ್‌ಲೈನ್‌ನಲ್ಲೋ ಕೊಂಡ ಮಾತ್ರೆಯ ಮಾಹಿತಿ ಅವರ ಬಳಿ ಇರುವುದೂ ಇಲ್ಲ.

2024ರ ಅಕ್ಟೋಬರ್‌ನಲ್ಲಿ ಆಯುಷ್ಮಾನ್ ಭಾರತ್ ಯೋಜನೆ 70 ದಾಟಿದ ಎಲ್ಲರಿಗೂ ವಿಸ್ತರಣೆಯಾಯಿತು. ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಈ ನೆರವು ಆಸ್ಪತ್ರೆಗೆ ದಾಖಲಾದವರಿಗೆ. ಹೊರರೋಗಿ ಚಿಕಿತ್ಸೆ ವ್ಯಾಪ್ತಿಗೆ ಬರುವುದಿಲ್ಲ. ಬಿದ್ದು ಮುರಿದ ಮೂಳೆಗೆ ಹಣವಿದೆ; ಬೀಳದಂತೆ ಮಾತ್ರೆ ಪರಿಶೀಲಿಸುವ ಕೆಲಸಕ್ಕಿಲ್ಲ. 2021ರಲ್ಲಿ ಪ್ರಕಟವಾದ ರಾಷ್ಟ್ರೀಯ ವೃದ್ಧಾಪ್ಯ ಅಧ್ಯಯನ ‘ಲಾಸಿ’ ಪ್ರಕಾರ 60 ದಾಟಿದ ಸುಮಾರು 7.5 ಕೋಟಿ ಭಾರತೀಯರಿಗೆ ಒಂದಲ್ಲ ಒಂದು ದೀರ್ಘಕಾಲದ ಕಾಯಿಲೆ ಇದೆ. ಹಾಗಾಗಿ ಇದು ಪುಣೆಯೊಂದರ ಸಮಸ್ಯೆಯಲ್ಲ.

ಮನೆಯವರು ಏನು ಮಾಡಬಹುದು?

ಮನೆಯಲ್ಲಿರುವ ಮಾತ್ರೆ, ಟಾನಿಕ್, ಪುಡಿ, ಲೇಹ್ಯ ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕಿ ಆರು ತಿಂಗಳಿಗೊಮ್ಮೆ ಒಬ್ಬರೇ ವೈದ್ಯರ ಮುಂದಿಡಬೇಕು. ‘ಇದರಲ್ಲಿ ಯಾವುದು ಈಗಲೂ ಬೇಕು?’ ಎಂದು ಕೇಳಬೇಕು. ಬ್ರ್ಯಾಂಡ್ ಹೆಸರಿನ ಬದಲು ಔಷಧದ ಮೂಲ ಹೆಸರನ್ನು ಕನ್ನಡದಲ್ಲಿ ಬರೆದು ಜೇಬಿನಲ್ಲಿಡಬೇಕು. ಯಾವುದನ್ನೂ ತಾವಾಗಿಯೇ ನಿಲ್ಲಿಸಬಾರದು. ಕೆಲವು ಮಾತ್ರೆಗಳನ್ನು ಥಟ್ಟನೆ ಬಿಡುವುದೂ ಅಪಾಯಕಾರಿ. ಅಡ್ಡಪರಿಣಾಮ ಕಂಡರೆ ರಾಷ್ಟ್ರೀಯ ಔಷಧ ಸುರಕ್ಷತಾ ಕಾರ್ಯಕ್ರಮದ ಉಚಿತ ಸಹಾಯವಾಣಿ 1800-180-3024ಕ್ಕೆ ರೋಗಿಗಳೇ ತಿಳಿಸಬಹುದು.

ನಿಯಮ ಪಾಲನೆಯಾಗುವವರೆಗೆ ಆ ಚೀಲ ಹೊತ್ತೊಯ್ಯುವ ಕೆಲಸ ಮಕ್ಕಳದ್ದೇ.