ಕತರೀನಾಳ ಕಣ್ಣುಗಳು, ಡ್ಯೂಕನ ಪರದೆ

ಮಡ್ಕಯಿಯ ಕೈಗಾರಿಕಾ ವಸಾಹತಿನಲ್ಲಿ ದುಡಿಯುವ ಕನ್ನಡ ಕುಟುಂಬಗಳು ಊರಿನಿಂದ ನೆಂಟರು ಬಂದಾಗ ಕರೆದೊಯ್ಯುವ ಸ್ಥಳಗಳಲ್ಲಿ ಹಳೆ ಗೋವಾ ಒಂದು. ಅಲ್ಲಿನ ಚರ್ಚುಗಳನ್ನು ನೋಡಿ ದಣಿದವರು ಪಕ್ಕದ ಪುರಾತತ್ತ್ವ ವಸ್ತುಸಂಗ್ರಹಾಲಯವನ್ನು ಹೊಕ್ಕರೆ ಅಲ್ಲಿ ಕಂಚಿನ ದೊಡ್ಡ ಪ್ರತಿಮೆಯೊಂದಿದೆ. ಅದು ಪೋರ್ಚುಗಲ್ಲಿನ ಮಹಾಕವಿ ಲೂಯಿಸ್ ದ ಕಮೋಯಿಶನದು. ಆಫ್ರಿಕದ ಯುದ್ಧದಲ್ಲಿ ಬಲಗಣ್ಣನ್ನು ಕಳೆದುಕೊಂಡಿದ್ದ ಈತ ಲಿಸ್ಬನ್ನಿನ ಬೀದಿಜಗಳದಲ್ಲಿ ಅರಮನೆಯ ನೌಕರನೊಬ್ಬನನ್ನು ಗಾಯಗೊಳಿಸಿ ಸೆರೆಮನೆ ಸೇರಿದ. ಅರಸನ ಕ್ಷಮಾದಾನ ಪಡೆದು ಹಡಗನ್ನೇರಿ 1553ರಲ್ಲಿ ಗೋವಾಕ್ಕೆ ಬಂದಿಳಿದ. ಅರಮನೆಯ ಕತರೀನಾ ಎಂಬ ಕನ್ಯೆಯನ್ನು ಆತ ಪ್ರೀತಿಸಿದ್ದನೆಂದೂ, ಆಕೆಯ ಕಣ್ಣುಗಳನ್ನು ಹಾಡಿ ಹೊಗಳಿದ್ದನೆಂದೂ, ಆತ ದೂರದೇಶದಲ್ಲಿರುವಾಗಲೇ ಆಕೆ ತೀರಿಕೊಂಡಳೆಂದೂ ಪ್ರತೀತಿಯಿದೆ. ಪ್ರತೀತಿಗೆ ದಾಖಲೆ ಕೇಳುವುದು ನ್ಯಾಯಾಲಯದ ಕೆಲಸ. ಕಾವ್ಯಕ್ಕೆ ಅಷ್ಟೇ ಸಾಕಾಯಿತು.

ಸುಮಾರು ಮುನ್ನೂರು ವರ್ಷಗಳ ನಂತರ, 1844ರಲ್ಲಿ, ಲಂಡನ್ನಿನ ವಿಂಪೋಲ್ ಬೀದಿಯ ಮನೆಯೊಂದರಲ್ಲಿ ಬಹುಕಾಲದ ಕಾಯಿಲೆಯಿಂದ ಕೋಣೆಗೆ ಸೀಮಿತಳಾಗಿದ್ದ ಎಲಿಜಬೆತ್ ಬ್ಯಾರೆಟ್ ಎಂಬ ಕವಯಿತ್ರಿ ಪ್ರಕಟಿಸಿದ ಸಂಕಲನದಲ್ಲಿ ‘ಕತರೀನಾ ಟು ಕಮೋಯೆನ್ಸ್’ ಎಂಬ ಕವಿತೆಯಿತ್ತು. ಅದರಲ್ಲಿ ಮಾತನಾಡುವವಳು ಎಲಿಜಬೆತ್ ಅಲ್ಲ, ಮರಣಶಯ್ಯೆಯಲ್ಲಿರುವ ಕತರೀನಾ. ಹೊಗಳಿಸಿಕೊಂಡ ಆ ಕಣ್ಣುಗಳು ಈಗ ಮುಚ್ಚಿಹೋಗುತ್ತಿವೆ. ಹೊಗಳಿದವನು ಸಮುದ್ರದಾಚೆ ಇದ್ದಾನೆ. ತಾನು ಸತ್ತಮೇಲೆ ಅವನು ಬೇರೊಬ್ಬಳ ಕಣ್ಣುಗಳನ್ನು ಹೊಗಳಬಹುದೇ ಎಂಬ ಅಳುಕು ಅವಳನ್ನು ಕಾಡುತ್ತದೆ. ಆ ಅಳುಕನ್ನು ಅವಳು ಬಚ್ಚಿಡುವುದಿಲ್ಲ. ಕವಿತೆ ಮುಗಿಯುವ ಹೊತ್ತಿಗೆ ಮಾತ್ರ, ತನ್ನವಕ್ಕಿಂತ ಚೆಲುವಾದ ಕಣ್ಣುಗಳನ್ನು ಅವನು ಕಂಡರೆ ಆ ಬಾಳಿಗೂ ತನ್ನ ಹರಕೆಯಿರಲಿ ಎಂಬಲ್ಲಿಗೆ ಬಂದು ನಿಲ್ಲುತ್ತಾಳೆ. ಗೋವಾದ ಕಡೆಗೆ ಮುಖಮಾಡಿ ಆಡಿದ ಈ ಮಾತು ವಿಕ್ಟೋರಿಯಾ ಕಾಲದ ಇಂಗ್ಲಿಷ್ ಕಾವ್ಯದಲ್ಲಿರುವುದನ್ನು ಗೋವಾದಲ್ಲೇ ಬೆಳೆಯುವ ಮಕ್ಕಳಿಗೆ ಯಾರಾದರೂ ಹೇಳಬೇಕಿತ್ತು.

ಆ ಸಂಕಲನವನ್ನು ಓದಿ ಮರುಳಾದವನು ರಾಬರ್ಟ್ ಬ್ರೌನಿಂಗ್. 1845ರ ಜನವರಿ 10ರಂದು ಆತ ಅವಳಿಗೆ ಮೊದಲ ಪತ್ರ ಬರೆದ. ಆಕೆ ಅವನಿಗಿಂತ ಆರು ವರ್ಷ ಹಿರಿಯಳು. ಮಕ್ಕಳಲ್ಲಿ ಯಾರೂ ಮದುವೆಯಾಗಕೂಡದೆಂಬುದು ಅವಳ ತಂದೆಯ ಕಟ್ಟಪ್ಪಣೆ. 1846ರ ಸೆಪ್ಟೆಂಬರಿನಲ್ಲಿ ಗುಟ್ಟಾಗಿ ಮದುವೆಯಾಗಿ ಇಬ್ಬರೂ ಇಟಲಿಗೆ ಹೊರಟರು. ಮಗಳು ಬರೆದ ಕಾಗದಗಳನ್ನು ತಂದೆ ಒಡೆಯದೆಯೇ ಇಟ್ಟ. ತನ್ನ ಪ್ರೇಮದ ಬಗ್ಗೆಯೇ ಆಕೆ ಬರೆದಿದ್ದ ಸುನೀತಗಳು 1850ರಲ್ಲಿ ಹೊರಬಂದಾಗ, ಅವು ಪೋರ್ಚುಗೀಸಿನಿಂದ ಅನುವಾದವಾದವು ಎಂಬಂತಹ ಹೆಸರನ್ನು ಹೊತ್ತಿದ್ದವು. ಸ್ವಂತ ಮಾತನ್ನು ಪರರ ಮಾತೆಂದು ಮರೆಮಾಚಿದ್ದು ಸಂಕೋಚದಿಂದ. ಆ ಹೆಸರಿನ ಹಿಂದೆ ಕತರೀನಾಳ ನೆನಪೂ ಇದ್ದಿತು.

ಇದೇ ಬ್ರೌನಿಂಗ್, ಪ್ರೇಮಪತ್ರಗಳ ಈ ಸೌಮ್ಯ ಮನುಷ್ಯ, ಅದಕ್ಕೂ ಮೊದಲೇ ಎರಡು ಭಯಾನಕ ಕವಿತೆಗಳನ್ನು ಬರೆದಿದ್ದ. 1836ರಲ್ಲಿ ಅಚ್ಚಾದ, ಇಂದು ‘ಪೋರ್ಫಿರಿಯಾಸ್ ಲವರ್’ ಎಂದು ಹೆಸರಾದ ಕವಿತೆಯಲ್ಲಿ ಬಿರುಗಾಳಿಯ ರಾತ್ರಿ ತನ್ನನ್ನು ಅರಸಿ ಬಂದವಳನ್ನು ಪ್ರಿಯಕರನು ಕೊಲ್ಲುತ್ತಾನೆ. ಆ ಗಳಿಗೆಯಲ್ಲಿ ಅವಳು ಸಂಪೂರ್ಣವಾಗಿ ತನ್ನವಳಾಗಿದ್ದಳು, ಆ ಗಳಿಗೆ ಜಾರಿಹೋಗಬಾರದಿತ್ತು ಎಂಬುದೇ ಅವನ ಸಮರ್ಥನೆ. ಅವಳಿಗೆ ನೋವಾಗಲಿಲ್ಲವೆಂದು ಅವನೇ ಪ್ರಮಾಣ ಮಾಡುತ್ತಾನೆ. ಆರೋಪಿಯೂ ಅವನೇ, ಸಾಕ್ಷಿಯೂ ಅವನೇ, ತೀರ್ಪುಗಾರನೂ ಅವನೇ. 1842ರ ‘ಮೈ ಲಾಸ್ಟ್ ಡಚೆಸ್’ ಇನ್ನೂ ತಣ್ಣನೆಯದು. ಫೆರಾರಾದ ಡ್ಯೂಕನು ಗೋಡೆಯ ಮೇಲಿನ ಚಿತ್ರವೊಂದರ ಪರದೆ ಸರಿಸಿ ಅತಿಥಿಗೆ ತೋರಿಸುತ್ತಾನೆ. ಅದು ತೀರಿಹೋದ ಹೆಂಡತಿಯ ಚಿತ್ರ. ಪರದೆ ಸರಿಸುವ ಅಧಿಕಾರ ಅವನೊಬ್ಬನದೇ. ಅವಳು ಮಾಡಿದ ತಪ್ಪೇನು? ಸೂರ್ಯಾಸ್ತಕ್ಕೂ, ಯಾರೋ ತಂದುಕೊಟ್ಟ ಹಣ್ಣಿನ ರೆಂಬೆಗೂ, ಗಂಡನ ಮನೆತನದ ಒಂಬತ್ತು ಶತಮಾನಗಳ ಹೆಸರಿಗೂ ಒಂದೇ ತೆರನಾಗಿ ಸಂತೋಷಪಡುತ್ತಿದ್ದಳು. ಎಲ್ಲರನ್ನೂ ನೋಡಿ ನಗುತ್ತಿದ್ದಳು. ಅಪ್ಪಣೆ ಕೊಟ್ಟೆ, ನಗು ನಿಂತಿತು ಎನ್ನುವಷ್ಟರಲ್ಲಿ ಮಾತು ಮುಗಿಸುತ್ತಾನೆ. ಕೊಲೆ ಎಂಬ ಶಬ್ದ ಎಲ್ಲಿಯೂ ಇಲ್ಲ. ಈ ಡ್ಯೂಕನಿಗೆ ಮಾದರಿಯೆಂದು ಹೇಳಲಾಗುವ ಎರಡನೆಯ ಅಲ್ಫೋನ್ಸೋನ ಮೊದಲ ಪತ್ನಿ 1561ರಲ್ಲಿ ಮಡಿದಾಗ ಅವಳಿಗೆ 16 ವರ್ಷ.

ನಾಟಕೀಯ ಸ್ವಗತವೆಂದು ಕರೆಯುವ ಈ ಪ್ರಕಾರದಲ್ಲಿ ಕವಿ ತುಟಿಪಿಟಕ್ಕೆನ್ನುವುದಿಲ್ಲ. ತಪ್ಪು ಯಾರದೆಂದು ಕೊನೆಗೊಂದು ಮಾತು ಸೇರಿಸುವುದಿಲ್ಲ. ಓದುವವನೇ ಪಾಟೀಸವಾಲು ನಡೆಸಬೇಕು. ಡ್ಯೂಕನ ಮಾತು ಎಷ್ಟು ನಯವೆಂದರೆ, ಮೊದಲ ಓದಿನಲ್ಲಿ ಅನೇಕರು ಅವನ ಪಕ್ಕಕ್ಕೆ ಹೋಗಿ ಕುಳಿತಿರುತ್ತಾರೆ.

ಕನ್ನಡಕ್ಕೆ ಈ ವಸ್ತು ಹೊಸತಲ್ಲ. ಜನ್ನನು 1230ರ ‘ಅನಂತನಾಥ ಪುರಾಣ’ದಲ್ಲಿ ಹೇಳಿದ ಚಂಡಶಾಸನನ ವೃತ್ತಾಂತವನ್ನು ಬ್ರೌನಿಂಗ್ ಕೇಳಿದ್ದರೆ ಬೆಚ್ಚುತ್ತಿದ್ದ. ಗೆಳೆಯ ವಸುಷೇಣನ ಮನೆಗೆ ಅತಿಥಿಯಾಗಿ ಬಂದ ಚಂಡಶಾಸನನು ಗೆಳೆಯನ ಪತ್ನಿ ಸುನಂದೆಯನ್ನು ಕಂಡು ಮೋಹಗೊಂಡು ಅಪಹರಿಸುತ್ತಾನೆ. ಆಕೆ ಮಣಿಯುವುದಿಲ್ಲ. ಕಡೆಗೆ ಗಂಡನದೆಂದು ಹುಸಿತಲೆಯೊಂದನ್ನು ಅವಳ ಮುಂದೆ ಇಡಿಸುತ್ತಾನೆ. ಅವಳು ಎದೆಯೊಡೆದು ಸಾಯುತ್ತಾಳೆ. ಅವನು ಅವಳ ಚಿತೆಯಲ್ಲೇ ತಾನೂ ಬೆಂದುಹೋಗುತ್ತಾನೆ. ಆ ಸಾವನ್ನು ಉತ್ಕಟ ಪ್ರೇಮದ ಸಾಕ್ಷಿಯೆಂದು ಕಣ್ಣೀರಿಡುವವರಿದ್ದಾರೆ. ಆದರೆ ಚಿತೆಯಲ್ಲೂ ಅವನು ಸುನಂದೆಯನ್ನು ಅವಳ ಪಾಡಿಗೆ ಬಿಡಲಿಲ್ಲ. ಜೀವಂತವಾಗಿ ಒಲ್ಲೆನೆಂದವಳ ಬೂದಿಯಲ್ಲಿ ತನ್ನ ಬೂದಿಯನ್ನು ಬೆರೆಸಿದ್ದನ್ನು ಪ್ರೇಮವೆನ್ನಬೇಕಾದರೆ ಸುನಂದೆಯ ‘ಒಲ್ಲೆ’ಯನ್ನು ಕಡತದಿಂದ ಹರಿದುಹಾಕಬೇಕಾಗುತ್ತದೆ.

ಭಾರತದ ಕಾನೂನು ಈ ‘ಒಲ್ಲೆ’ಗೆ ಬೆಲೆ ಕೊಡಲು 2013ರವರೆಗೆ ಕಾಯಿತು. ಸ್ತ್ರೀಯು ಆಸಕ್ತಿಯಿಲ್ಲವೆಂದು ಸ್ಪಷ್ಟಪಡಿಸಿದ ಮೇಲೂ ಪದೇ ಪದೇ ಹಿಂಬಾಲಿಸುವುದು, ಸಂಪರ್ಕಿಸಲು ಯತ್ನಿಸುವುದು, ಇಂಟರ್ನೆಟ್ಟಿನಲ್ಲಿ ಅವಳ ಚಲನವಲನದ ಮೇಲೆ ಕಣ್ಣಿಡುವುದು ಆ ವರ್ಷ ದಂಡ ಸಂಹಿತೆಯ 354ಡಿ ಕಲಮಿನಡಿ ಅಪರಾಧವಾಯಿತು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 78ನೆಯ ಕಲಮು. ಮೊದಲ ಸಲಕ್ಕೆ ಮೂರು ವರ್ಷದವರೆಗೆ, ಮತ್ತೆ ಮಾಡಿದರೆ ಐದು ವರ್ಷದವರೆಗೆ ಸೆರೆವಾಸ. ನಾಯಕಿಯ ಹಿಂದೆ ಅಲೆದಲೆದು ಕಡೆಗೆ ಅವಳ ಮನ ಗೆಲ್ಲುವ ಸಿನಿಮಾ ಹಾಡುಗಳನ್ನು ಕನ್ನಡ ಮನೆಗಳೂ ದಶಕಗಟ್ಟಲೆ ಗುನುಗಿವೆ. ಆ ಹಾಡುಗಳಲ್ಲಿಯೂ ಮಾತನಾಡುವವನು ಒಬ್ಬನೇ. ಗೋವಾದ ಕನ್ನಡ ಕುಟುಂಬಗಳ ಕೆಲವು ಮಕ್ಕಳು ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಕಲಿತು ಮುಂದೆ ಇಂಗ್ಲಿಷಿಗೆ ಹೊರಳುತ್ತಾರೆ. ಎರಡು ಭಾಷೆಗಳ ಪ್ರೇಮಕವಿತೆಗಳೂ ಅವರ ಕೈಗೆ ಬರುವ ವಯಸ್ಸು ಹದಿನಾರು ಹದಿನೇಳು. ಯಾರದೋ ಸಂದೇಶ ಬಂದ ಮೊಬೈಲೂ ಅದೇ ಕೈಯಲ್ಲಿರುತ್ತದೆ. ನಿನ್ನನ್ನು ಬಿಟ್ಟರೆ ಬದುಕಿಲ್ಲ ಎಂಬ ವಾಕ್ಯವನ್ನು ಕತರೀನಾ ಆಡಬಹುದು, ಚಂಡಶಾಸನನೂ ಆಡಬಹುದು. ಅಕ್ಷರಗಳಲ್ಲಿ ವ್ಯತ್ಯಾಸ ಕಾಣದು. ಎದುರಿಗಿರುವವರಿಗೆ ಉತ್ತರಿಸಲು ಎಡೆಯಿದೆಯೇ, ಆ ಉತ್ತರ ಬೇಡವೆಂದಾದರೆ ಮಾತು ಯಾವ ಕಡೆ ತಿರುಗುತ್ತದೆ ಎಂದು ತಂದೆತಾಯಿ ಮಕ್ಕಳೊಡನೆ ಕುಳಿತು ಓದಿ ನೋಡಿದರೆ ಕಾಣುತ್ತದೆ.

‘ಮೈ ಲಾಸ್ಟ್ ಡಚೆಸ್’ನಲ್ಲಿ ಗಮನಕ್ಕೆ ಬಾರದೆ ಕುಳಿತಿರುವ ಇನ್ನೊಬ್ಬನಿದ್ದಾನೆ, ಆ ಅತಿಥಿ. ಅವನು ಸುಮ್ಮನೆ ಬಂದವನಲ್ಲ. ಬೇರೊಂದು ಮನೆತನದ ಕೌಂಟನ ದೂತನಾಗಿ, ಆ ಮನೆಯ ಹೆಣ್ಣನ್ನು ಇದೇ ಡ್ಯೂಕನಿಗೆ ಕೊಡುವ ಮಾತುಕತೆಗೆ ಬಂದವನು. ವರದಕ್ಷಿಣೆಯ ವಿಷಯವೂ ನಡುವೆ ಬರುತ್ತದೆ. ಎಲ್ಲವನ್ನೂ ಕೇಳಿಸಿಕೊಂಡವನು ಅವನೊಬ್ಬನೇ. ಮಾತು ಮುಗಿದು ಇಬ್ಬರೂ ಮೆಟ್ಟಿಲಿಳಿಯುವಾಗ ಡ್ಯೂಕನು ಇನ್ನೊಂದು ಕಲಾಕೃತಿಯನ್ನು ತೋರಿಸುತ್ತಾನೆ. ಕಂಚಿನ ಸಮುದ್ರದೇವತೆಯೊಂದು ಕಡಲಕುದುರೆಯನ್ನು ಪಳಗಿಸುತ್ತಿದೆ. ಮನೆಗೆ ಹಿಂದಿರುಗಿದ ದೂತನು ಹುಡುಗಿಯ ತಂದೆಗೆ ಏನು ಹೇಳಿದನೆಂದು ಬ್ರೌನಿಂಗ್ ಬರೆಯಲಿಲ್ಲ.