ಪಾರ್ಶ್ವವಾಯು: ತಟ್ಟೆಯ ಎಡಬದಿಯ ಅನ್ನ ಉಳಿದರೆ ಅದು ಹಠವಲ್ಲ

ಪಾರ್ಶ್ವವಾಯು ಬಡಿದವರನ್ನು ನೋಡಲು ಹೋದಾಗ ಕೈ ಎತ್ತುತ್ತಾರೆಯೇ, ನಡೆಯುತ್ತಾರೆಯೇ, ಮಾತು ಸ್ಪಷ್ಟವಿದೆಯೇ ಎಂದು ನಾವು ವಿಚಾರಿಸುತ್ತೇವೆ. ಈ ಮೂರೂ ಸುಧಾರಿಸಿದರೂ ಕೆಲವರ ತೊಂದರೆ ಮುಗಿಯುವುದಿಲ್ಲ. ತಟ್ಟೆಯ ಎಡಬದಿಯ ಅನ್ನ ಹಾಗೆಯೇ ಉಳಿಯುತ್ತದೆ, ಎಡಗೆನ್ನೆಯ ಗಡ್ಡ ಬೋಳಿಸಿರುವುದಿಲ್ಲ, ಎಡಭುಜ ಬಾಗಿಲಿಗೆ ಬಡಿಯುತ್ತದೆ. ಮನೆಯವರು ಹಠವೆಂದು ಗದರುತ್ತಾರೆ.

ವೈದ್ಯರು ಇದನ್ನು ಸ್ಪೇಷಿಯಲ್ ನೆಗ್ಲೆಕ್ಟ್ ಎನ್ನುತ್ತಾರೆ. ಮೆದುಳಿನ ಬಲಭಾಗಕ್ಕೆ ಹಾನಿಯಾದವರಲ್ಲಿ ಇದು ಹೆಚ್ಚು. ಕಣ್ಣು ಚೆನ್ನಾಗಿದ್ದರೂ ಗಮನ ಎಡಕ್ಕೆ ಹೋಗುವುದಿಲ್ಲ. ಬಿಸಿಯಾಕ್ ಮತ್ತು ಲುಜಾಟಿ ಎಂಬ ಇಟಲಿಯ ಸಂಶೋಧಕರು 1978ರಲ್ಲಿ ಪ್ರಕಟಿಸಿದ ಪ್ರಯೋಗ ಪ್ರಸಿದ್ಧ. ಮಿಲಾನಿನ ಕೆಥೆಡ್ರಲ್ ಚೌಕದಲ್ಲಿ ಕೆಥೆಡ್ರಲ್‌ಗೆ ಮುಖಮಾಡಿ ನಿಂತಂತೆ ಕಲ್ಪಿಸಿಕೊಂಡು ಸುತ್ತಲಿನ ಕಟ್ಟಡಗಳನ್ನು ಹೇಳಲು ಇಬ್ಬರು ರೋಗಿಗಳನ್ನು ಕೇಳಿದರು. ಅವರು ಹೇಳಿದ್ದು ಹೆಚ್ಚಾಗಿ ಬಲಬದಿಯವನ್ನೇ. ಬಳಿಕ ಕೆಥೆಡ್ರಲ್‌ನ ಬಾಗಿಲಿನಿಂದ ಚೌಕದತ್ತ ನೋಡುವಂತೆ ಕಲ್ಪಿಸಿಕೊಳ್ಳಲು ಹೇಳಿದಾಗ ಮೊದಲು ಬಿಟ್ಟವು ನೆನಪಾದವು, ಮೊದಲು ಹೇಳಿದವು ಬಿಟ್ಟುಹೋದವು! ಮರೆವಾಗಿದ್ದರೆ ಹೀಗಾಗುತ್ತಿರಲಿಲ್ಲ.

ಪತ್ತೆಗೆ ದುಬಾರಿ ಯಂತ್ರವೇನೂ ಬೇಡ. ಕಾಗದದ ಮೇಲಿನ ಗೆರೆಗೆ ನಡುವೆ ಗುರುತು ಹಾಕಲು ಹೇಳಿದರೆ ಇವರು ಬಲಕ್ಕೆ ಸರಿದು ಹಾಕುತ್ತಾರೆ. ಗಡಿಯಾರ ಬರೆಯಿಸಿದರೆ ಅಂಕಿಗಳೆಲ್ಲ ಬಲಬದಿಯಲ್ಲೇ ತುಂಬಿಕೊಳ್ಳುತ್ತವೆ.

ಚಿಕಿತ್ಸೆಯಲ್ಲಿ ಎಡ ಅಂಚಿನಲ್ಲಿ ಕೆಂಪು ಪಟ್ಟಿ ಅಂಟಿಸಿ ಅಲ್ಲಿಂದಲೇ ಓದು ಆರಂಭಿಸುವ ಅಭ್ಯಾಸವಿದೆ. ದೃಶ್ಯವನ್ನು ಬಲಕ್ಕೆ ಸರಿಸುವ ಪ್ರಿಸಂ ಕನ್ನಡಕ ಹಾಕಿಸಿ ವಸ್ತುಗಳತ್ತ ಬೆರಳು ಚಾಚಿಸುವ ವಿಧಾನವನ್ನು ಫ್ರಾನ್ಸಿನ ರೊಸೆಟ್ಟಿ ಮತ್ತು ಸಂಗಡಿಗರು 1998ರಲ್ಲಿ ವರದಿ ಮಾಡಿದರು. ಆದರೆ ಪವಾಡವನ್ನು ನಿರೀಕ್ಷಿಸಬಾರದು. 65 ಪ್ರಯೋಗಗಳನ್ನು ಪರಿಶೀಲಿಸಿದ 2021ರ ಕಾಕ್ರೇನ್ ವರದಿ, ಯಾವ ವಿಧಾನವೂ ದಿನನಿತ್ಯದ ಬದುಕಿನಲ್ಲಿ ಖಚಿತ ಫಲ ನೀಡುತ್ತದೆಂದು ಸಾಬೀತಾಗಿಲ್ಲ ಎಂದಿತು. ಹಾಗೆಂದು ಕೈಬಿಡುವುದೂ ಸರಿಯಲ್ಲ.

ಪುನಶ್ಚೇತನವನ್ನು ಆರೋಗ್ಯ ವ್ಯವಸ್ಥೆಯ ಭಾಗವಾಗಿ ಬಲಪಡಿಸಬೇಕೆಂದು ವಿಶ್ವ ಆರೋಗ್ಯ ಸಭೆ 2023ರಲ್ಲಿ ನಿರ್ಣಯಿಸಿದೆ. ನಮ್ಮ ದೇಶದ 2021ರ ಕಾಯ್ದೆ ಆಕ್ಯುಪೇಶನಲ್ ಥೆರಪಿಸ್ಟರಂಥ ವೃತ್ತಿಗಳಿಗೂ ಕಾನೂನಿನ ಚೌಕಟ್ಟು ಕೊಟ್ಟಿದೆ. ನಮ್ಮ ಕರಾವಳಿಯ ಮಣಿಪಾಲದಲ್ಲೇ ಈ ಪದವಿ ಶಿಕ್ಷಣವಿದೆ. ಆದರೂ ಡಿಸ್ಚಾರ್ಜ್ ಆಗುವಾಗ ಕೈಕಾಲಿನ ವ್ಯಾಯಾಮದ ಬಗ್ಗೆ ಕೇಳುವ ನಾವು ಗಮನದ ತೊಂದರೆಯ ಬಗ್ಗೆ ಕೇಳುವುದಿಲ್ಲ. ಕೇಳಲೇಬೇಕು, ಏಕೆಂದರೆ ನಮ್ಮ ರಸ್ತೆ ದಾಟುವಾಗ ಅರ್ಧ ದಾಟಿದ ಮೇಲೆ ವಾಹನ ಬರುವುದು ಎಡದಿಂದ.

ವಾಳೆಯ ಗುರ್ಕಾರರೂ ರೋಗಿಗಳನ್ನು ಭೇಟಿಮಾಡುವ ಇತರರೂ ಒಂದನ್ನು ಗಮನಿಸಬಹುದು. ಎಡಬದಿಯಲ್ಲಿ ಕುಳಿತು ಮಾತನಾಡಿಸಿದಾಗ ಉತ್ತರ ಬಾರದಿದ್ದರೆ ಬಲಕ್ಕೆ ಬಂದು ಮಾತು ಆರಂಭಿಸಿ, ಅವರ ಕಣ್ಣು ಹಿಂಬಾಲಿಸುವಂತೆ ನಿಧಾನವಾಗಿ ಎಡಕ್ಕೆ ಸರಿಯಿರಿ.